ವಾರ್ ಹಾರ್ಸ್: ಮಗುವನ್ನು ಜೊತೆಗೆ ಕರೆದೊಯ್ಯಬಹುದೇ?

ಕುದುರೆಯೊಂದು ಕಥಾನಾಯಕನಾಗಿರುವ ನಾಟಕವೆಂದರೆ ಅದು ಮಕ್ಕಳ ನಾಟಕವೇ ಇರಬೇಕೆಂದು ಹೆತ್ತವರು ಭಾವಿಸುವುದು ಸಹಜ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2007ರಲ್ಲಿ ಮೊದಲ ಬಾರಿಗೆ ರಂಗಕ್ಕೆ ತಂದ ‘ವಾರ್ ಹಾರ್ಸ್’ ವಿಷಯದಲ್ಲಿ ಆ ಊಹೆ ಅರ್ಧದಷ್ಟು ಮಾತ್ರ ಸರಿ. ಇದರ ಮೂಲ ಮೈಕೆಲ್ ಮೊರ್ಪುರ್ಗೊ ಮಕ್ಕಳಿಗಾಗಿ ಬರೆದ 1982ರ ಕಾದಂಬರಿ. ಆದರೆ ಪುಟದ ಮೇಲೆ ಓದಿಕೊಂಡು ಹೋಗುವ ಯುದ್ಧಕ್ಕೂ, ಕತ್ತಲೆಯ ಸಭಾಂಗಣದಲ್ಲಿ ಎದೆ ನಡುಗಿಸುವ ಸದ್ದಿನೊಡನೆ ಎದುರಾಗುವ ಯುದ್ಧಕ್ಕೂ ಬಹಳ ಅಂತರವಿದೆ. ಹತ್ತು ವರ್ಷ ಮತ್ತು ಮೇಲ್ಪಟ್ಟವರಿಗೆ ಸೂಕ್ತವೆಂದು ನಾಟಕದವರೇ ಸೂಚಿಸುತ್ತಾರೆ. ಚಿತ್ರೀಕರಿಸಿದ ಪ್ರದರ್ಶನವನ್ನು ಹನ್ನೊಂದು ವರ್ಷದ ಮಗಳೊಡನೆ ಕುಳಿತು ನೋಡಿದ ಮೇಲೆ ಆ ಸೂಚನೆಯನ್ನು ನಾನು ಒಪ್ಪುತ್ತೇನೆ. ಆದರೂ ವಯಸ್ಸೊಂದನ್ನೇ ನೋಡಿ ತೀರ್ಮಾನಿಸುವಷ್ಟು ಸರಳವಾದ ನಾಟಕ ಇದಲ್ಲ.

ಕಥೆ ಚಿಕ್ಕದು. ಇಂಗ್ಲೆಂಡಿನ ಡೆವನ್ ಸೀಮೆಯ ಹಳ್ಳಿಯೊಂದರಲ್ಲಿ ಆಲ್ಬರ್ಟ್ ಎಂಬ ಹುಡುಗ ಜೋಯಿ ಎಂಬ ಮರಿಗುದುರೆಯನ್ನು ಸಾಕಿ ಬೆಳೆಸುತ್ತಾನೆ. 1914ರಲ್ಲಿ ಯುದ್ಧ ಆರಂಭವಾದಾಗ ಅವನ ತಂದೆ ಜೋಯಿಯನ್ನು ಸೈನ್ಯಕ್ಕೆ ಮಾರಿಬಿಡುತ್ತಾನೆ. ಇನ್ನೂ ವಯಸ್ಸು ತುಂಬದ ಹುಡುಗ ಸುಳ್ಳು ಹೇಳಿ ಸೈನ್ಯ ಸೇರಿ, ಫ್ರಾನ್ಸಿನ ಕಂದಕಗಳ ನಡುವೆ ತನ್ನ ಕುದುರೆಯನ್ನು ಹುಡುಕುತ್ತಾನೆ. ಕಾದಂಬರಿಯಲ್ಲಿ ಕುದುರೆಯೇ ತನ್ನ ಕಥೆಯನ್ನು ಹೇಳಿಕೊಳ್ಳುತ್ತದೆ. ನಿಕ್ ಸ್ಟಾಫರ್ಡ್ ಅವರ ರಂಗರೂಪದಲ್ಲಿ ಕುದುರೆಗೆ ಒಂದು ಮಾತೂ ಇಲ್ಲ. ಅದರ ಉಸಿರು, ಕಿವಿಗಳ ಚಲನೆ ಮತ್ತು ಕೆನೆತವೇ ಎಲ್ಲವನ್ನೂ ಹೇಳಬೇಕು.

ಹೇಳುತ್ತವೆ ಕೂಡ. ದಕ್ಷಿಣ ಆಫ್ರಿಕಾದ ಹ್ಯಾಂಡ್‌ಸ್ಪ್ರಿಂಗ್ ಗೊಂಬೆ ಕಂಪನಿ ಬೆತ್ತ, ಚರ್ಮ, ಅಲ್ಯೂಮಿನಿಯಂ ಮತ್ತು ತೆಳುಬಟ್ಟೆಯಿಂದ ಕಟ್ಟಿದ ಈ ಕುದುರೆಯನ್ನು ಮೂವರು ಆಡಿಸುತ್ತಾರೆ. ಒಬ್ಬರು ಹೊರಗೆ ನಿಂತು ತಲೆಯನ್ನು ನಡೆಸುತ್ತಾರೆ, ಉಳಿದಿಬ್ಬರು ಒಡಲೊಳಗೆ ನಿಂತು ಮುಂಗಾಲು ಹಿಂಗಾಲುಗಳನ್ನು ನೋಡಿಕೊಳ್ಳುತ್ತಾರೆ. ಬೆತ್ತದ ಪಕ್ಕೆಗಳ ನಡುವೆ ಒಳಗಿನವರ ಕಾಲುಗಳು ಸ್ಪಷ್ಟವಾಗಿ ಕಾಣುತ್ತಿರುತ್ತವೆ; ಯಾವುದನ್ನೂ ಮುಚ್ಚಿಡುವ ಪ್ರಯತ್ನವಿಲ್ಲ. ಜೋಯಿ ಸುಮ್ಮನೆ ನಿಂತಿರುವಾಗಲೂ ಅದರ ಎದೆ ಮೆಲ್ಲಗೆ ಏರಿಳಿಯುತ್ತದೆ, ದೂರದ ಸದ್ದಿಗೆ ಒಂದು ಕಿವಿ ಮಾತ್ರ ಅತ್ತ ಹೊರಳುತ್ತದೆ. ಆ ಒಂದು ಕಿವಿಯ ಚಲನೆಯಿಂದಲೇ ನೋಡುವವರ ಮನಸ್ಸು ಗೊಂಬೆಯನ್ನು ಜೀವವಿರುವ ಪ್ರಾಣಿಯೆಂದು ಒಪ್ಪಿಬಿಡುತ್ತದೆ. ಮಕ್ಕಳಂತೂ ದೊಡ್ಡವರಿಗಿಂತ ಬೇಗ ಒಪ್ಪುತ್ತಾರೆ. ಆದ್ದರಿಂದ ‘ಅದು ಬರೀ ಗೊಂಬೆ, ಮಗುವಿಗೆ ನೋವಾಗದು’ ಎಂಬ ಲೆಕ್ಕಾಚಾರ ಇಲ್ಲಿ ಪೂರ್ತಿ ತಪ್ಪುತ್ತದೆ.

ಹೆತ್ತವರು ಮುಂಚಿತವಾಗಿ ತಿಳಿದಿರಬೇಕಾದ ದೃಶ್ಯವೆಂದರೆ ಟಾಪ್‌ಥಾರ್ನ್‌ನ ಸಾವು. ಇದು ಜೋಯಿಯ ಜೊತೆಗಾರನಾದ ಕಪ್ಪು ಕುದುರೆ. ಮೊದಲು ಇವೆರಡೂ ಒಂದನ್ನೊಂದು ದುರುಗುಟ್ಟಿ ನೋಡುತ್ತವೆ, ಕಾದಾಡುತ್ತವೆ, ಆಮೇಲೆ ಜೊತೆಯಾಗಿ ದುಡಿಯುತ್ತವೆ. ಫಿರಂಗಿಗಳನ್ನು ಎಳೆದೆಳೆದು ಸೊರಗಿದ ಟಾಪ್‌ಥಾರ್ನ್ ಒಂದು ಹಂತದಲ್ಲಿ ಕುಸಿದು ಬೀಳುತ್ತದೆ. ಉಸಿರಾಟ ನಿಂತಾಗ, ಅಷ್ಟು ಹೊತ್ತೂ ಅದಕ್ಕೆ ಪ್ರಾಣ ತುಂಬಿದ್ದ ಮೂವರು ಕಲಾವಿದರು ಗೊಂಬೆಯಿಂದ ನಿಧಾನವಾಗಿ ಬೇರ್ಪಟ್ಟು, ಅದನ್ನು ಅಲ್ಲಿಯೇ ಬಿಟ್ಟು ನಡೆದುಹೋಗುತ್ತಾರೆ. ಉಳಿಯುವುದು ಬೆತ್ತ ಮತ್ತು ಬಟ್ಟೆ ಮಾತ್ರ. ಸಾವು ಎಂದರೆ ಏನು ಎಂಬುದನ್ನು ರಕ್ತವನ್ನೇ ತೋರಿಸದೆ ಇಷ್ಟು ನಿಚ್ಚಳವಾಗಿ ಹೇಳಿದ ರಂಗಕ್ರಿಯೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಗಳು ಅತ್ತದ್ದು ಅಲ್ಲಿಯೇ. ಅದು ಹೆದರಿದ ಮಗುವಿನ ಅಳುವಾಗಿರಲಿಲ್ಲ, ಮರುಕದ ಅಳುವಾಗಿತ್ತು. ಈ ಎರಡನ್ನು ಗುರುತಿಸುವುದು ಜೊತೆಗಿರುವ ದೊಡ್ಡವರಿಗೆ ಕಷ್ಟವೇನಲ್ಲ. ಮರುಕದಿಂದ ಅಳುವ ಮಗು ರಂಗದ ಕಡೆಗೇ ನೋಡುತ್ತಿರುತ್ತದೆ. ಹೆದರಿದ ಮಗು ಮುಖ ತಿರುಗಿಸುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ, ಮನೆಗೆ ಹೋಗೋಣ ಎನ್ನುತ್ತದೆ.

ಅಂಥ ಹೆದರಿಕೆಗೆ ಕಾರಣವಾಗಬಲ್ಲ ಸಂಗತಿಗಳು ನಾಟಕದಲ್ಲಿ ಇವೆ, ಮತ್ತು ಅವು ದುಃಖದ ದೃಶ್ಯಗಳಿಗಿಂತ ಬೇರೆಯವು. ಗುಂಡು ಮತ್ತು ಸಿಡಿತಲೆಗಳ ಸದ್ದು ಹಠಾತ್ತನೆ ಬರುತ್ತದೆ. ಕಣ್ಣು ಕುಕ್ಕುವ ಬೆಳಕು ಅದರ ಜೊತೆಗಿರುತ್ತದೆ. ರಂಗದ ಮೇಲೆ ಒಂದು ಟ್ಯಾಂಕ್ ಏರಿಬರುತ್ತದೆ. ಸತ್ತವರನ್ನು ಕುಕ್ಕುವ ಕಾಗೆಗಳಿವೆ. ಜೋಯಿ ಮುಳ್ಳುತಂತಿಯಲ್ಲಿ ಸಿಕ್ಕಿಕೊಂಡು ಒದ್ದಾಡುವ ದೃಶ್ಯವಿದೆ. ಇವುಗಳಲ್ಲಿ ಕೊನೆಯದು ಮಾತ್ರ ಬೇಗನೆ ಸಾಂತ್ವನದತ್ತ ತಿರುಗುತ್ತದೆ: ಎದುರುಬದಿರಾದ ಎರಡು ಸೈನ್ಯಗಳಿಂದ ಒಬ್ಬೊಬ್ಬ ಸೈನಿಕ ಹೊರಬಂದು, ಇಬ್ಬರೂ ಸೇರಿ ಕುದುರೆಯನ್ನು ಬಿಡಿಸಿ, ಅದು ಯಾರಿಗೆ ಸೇರಬೇಕೆಂದು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ. ಉಳಿದವು ಸಾಂತ್ವನವಿಲ್ಲದೆ ಮುಗಿಯುತ್ತವೆ. ಮೊದಲ ಭಾಗದಲ್ಲಿ ಹಳ್ಳಿಯ ಬದುಕಿದೆ, ಎಲ್ಲರನ್ನೂ ಅಟ್ಟಿಸಿಕೊಂಡು ಹೋಗುವ ಒಂದು ಹೆಬ್ಬಾತು ನಗಿಸುತ್ತದೆ. ಎರಡನೆಯ ಭಾಗದಲ್ಲಿ ಅಂಥ ಬಿಡುವು ಬಹಳ ಕಡಿಮೆ. ಇದರ ಜೊತೆಗೆ ಕುಡಿತಕ್ಕೆ ಬಿದ್ದ ತಂದೆ ಮಗನಿಗೆ ಮಾಡುವ ದ್ರೋಹವೂ ಇದೆ. ಮನೆಯೊಳಗಿನ ಒರಟುತನವನ್ನು ಕಂಡ ಮಗುವಿಗೆ ಯುದ್ಧಕ್ಕಿಂತ ಇದೇ ಹೆಚ್ಚು ಹತ್ತಿರದಿಂದ ತಟ್ಟಬಹುದು ಎಂಬುದನ್ನು ವಿಮರ್ಶೆಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಕೊನೆಯನ್ನು ಮಗುವಿಗೆ ಮೊದಲೇ ಹೇಳಬೇಕೇ? ಹೇಳಬೇಕು ಎಂದೇ ನನ್ನ ಖಚಿತ ಅಭಿಪ್ರಾಯ, ಹಾಗಾಗಿ ಇಲ್ಲಿಯೂ ಹೇಳುತ್ತಿದ್ದೇನೆ. ಜೋಯಿ ಬದುಕುತ್ತದೆ. ವಿಷಾನಿಲದಿಂದ ಕಣ್ಣು ಕಾಣದಾಗಿರುವ ಆಲ್ಬರ್ಟ್, ಗಾಯಗೊಂಡ ತನ್ನ ಕುದುರೆಯನ್ನು ಇನ್ನೇನು ಗುಂಡಿಕ್ಕಿ ಕೊಲ್ಲುತ್ತಾರೆ ಎನ್ನುವ ಹೊತ್ತಿಗೆ ಅದನ್ನು ಮತ್ತೆ ಪಡೆಯುತ್ತಾನೆ, ಇಬ್ಬರೂ ಮನೆಗೆ ಮರಳುತ್ತಾರೆ. ಇದನ್ನು ತಿಳಿದು ಕುಳಿತ ಮಗುವಿಗೆ ನಾಟಕದ ರಸ ಕಡಿಮೆಯಾಗುವುದಿಲ್ಲ. ಮಕ್ಕಳು ಗೊತ್ತಿರುವ ಕಥೆಯನ್ನೇ ಮತ್ತೆ ಮತ್ತೆ ಕೇಳಲು ಇಷ್ಟಪಡುವವರು. ಆದರೆ ಟಾಪ್‌ಥಾರ್ನ್ ಸಾಯುವುದನ್ನು ಬಚ್ಚಿಟ್ಟು, ‘ಕುದುರೆಗೆ ಏನೂ ಆಗುವುದಿಲ್ಲ’ ಎಂದಷ್ಟೇ ಹೇಳಿ ಕರೆದೊಯ್ದರೆ, ಆ ದೃಶ್ಯದಲ್ಲಿ ಮಗುವಿಗೆ ಕುದುರೆಯ ಸಾವಿನ ಜೊತೆಗೆ ನಿಮ್ಮ ಮಾತು ಸುಳ್ಳಾದುದನ್ನೂ ಸಹಿಸಬೇಕಾಗುತ್ತದೆ. ಎರಡನ್ನೂ ಸರಳವಾಗಿ, ಮುಂಚೆಯೇ ಹೇಳಿಬಿಡುವುದು ಉತ್ತಮ. ಆ ಯುದ್ಧದಲ್ಲಿ ಒಟ್ಟು ಸುಮಾರು 80 ಲಕ್ಷ ಕುದುರೆಗಳು ಸತ್ತವೆಂಬ ಅಂದಾಜಿದೆ. ನಾಟಕ ನೋಡಿದ ಮಗು ‘ಇದು ನಿಜವಾಗಿ ನಡೆದದ್ದೇ?’ ಎಂದು ಕೇಳಿಯೇ ಕೇಳುತ್ತದೆ, ಆಗ ಉತ್ತರ ನಿಮ್ಮ ಬಳಿ ಇರಲಿ.

ಚಿತ್ರೀಕರಿಸಿದ ರೂಪಕ್ಕೂ ಸಭಾಂಗಣದ ಪ್ರದರ್ಶನಕ್ಕೂ ಇರುವ ವ್ಯತ್ಯಾಸ ಮಗುವಿನ ದೃಷ್ಟಿಯಿಂದ ಮುಖ್ಯವಾದದ್ದು. ಪರದೆಯ ಮೇಲೆ ಕ್ಯಾಮೆರಾ ತೋರಿಸಿದ್ದನ್ನೇ ನೋಡಬೇಕು, ನೋವಿನ ಮುಖ ಹತ್ತಿರಕ್ಕೆ ಬಂದರೆ ತಪ್ಪಿಸಿಕೊಳ್ಳುವಂತಿಲ್ಲ. ಸಭಾಂಗಣದಲ್ಲಿ ಸದ್ದು ಹೆಚ್ಚಾದರೂ ಮಗು ತನಗೆ ಬೇಕಾದ ಕಡೆ ನೋಡಬಹುದು: ಗೊಂಬೆ ಆಡಿಸುವವರ ಕೈಗಳನ್ನು, ಹಾಡುಗಾರನನ್ನು, ಅಥವಾ ಹರಿದ ಕಾಗದದ ಚೂರಿನಂತೆ ರಂಗದ ಮೇಲ್ಗಡೆ ಹಬ್ಬಿದ ಪರದೆಯಲ್ಲಿ ಮೂಡುವ ರೇಖಾಚಿತ್ರಗಳನ್ನು. ಸಭಾಂಗಣಕ್ಕೆ ಹೋಗುವವರು ಸಾಲಿನ ಕೊನೆಯ ಆಸನಗಳನ್ನು ಆರಿಸಿಕೊಳ್ಳಲಿ, ವಿರಾಮದಲ್ಲಿ ಮುಂದುವರಿಯೋಣವೇ ಎಂದು ಮಗುವನ್ನೇ ಕೇಳಲಿ, ಬೇಡವೆಂದರೆ ಟಿಕೆಟ್ಟಿನ ಹಣ ನೆನೆಯದೆ ಎದ್ದು ಬರಲಿ. ಭಾಷೆಯದೂ ಒಂದು ತೊಡಕಿದೆ. ಹಳ್ಳಿಗಾಡಿನ ಇಂಗ್ಲಿಷ್ ಉಚ್ಚಾರಣೆ ನಮ್ಮ ಮಕ್ಕಳ ಕಿವಿಗೆ ಸುಲಭವಾಗಿ ಹಿಡಿಯುವುದಿಲ್ಲ, ಮಾತು ತಪ್ಪಿಹೋದಷ್ಟೂ ಸದ್ದುಗಳು ಹೆಚ್ಚು ಭಯ ಹುಟ್ಟಿಸುತ್ತವೆ. ಆದ್ದರಿಂದ ಕಥೆಯನ್ನು ಮೊದಲೇ ಹೇಳಿಕೊಟ್ಟಿರುವುದು ಇನ್ನೂ ಅಗತ್ಯ.

ಇತ್ತೀಚೆಗೆ ಸಾಕುಪ್ರಾಣಿಯನ್ನೋ ಮನೆಯವರನ್ನೋ ಕಳೆದುಕೊಂಡ ಮಗುವನ್ನು ಸದ್ಯಕ್ಕೆ ಕರೆದೊಯ್ಯದಿರುವುದು ಲೇಸು. ಪಟಾಕಿಯ ಸದ್ದಿಗೆ ಬೆಚ್ಚುವ ಮಗು ಹನ್ನೆರಡು ವರ್ಷದ್ದಾಗಿದ್ದರೂ ಕಾಯಬಹುದು. ಅದೇ, ದುಃಖದ ಕಥೆ ಕೇಳಿ ಅತ್ತು, ಮರುದಿನ ಅದರ ಬಗ್ಗೆಯೇ ಪ್ರಶ್ನೆ ಕೇಳುವ ಸ್ವಭಾವದ ಒಂಬತ್ತರ ಮಗುವೊಂದು ಈ ನಾಟಕವನ್ನು ಚೆನ್ನಾಗಿಯೇ ತಾಳಿಕೊಂಡೀತು. ಏಳೆಂಟು ವರ್ಷದವರಿಗೆ ನಾನು ಬೇಡವೆನ್ನುತ್ತೇನೆ. ಅಂಥ ಗೊಂಬೆಗಳನ್ನು ನೋಡುವ ಅವಕಾಶ ತಪ್ಪುತ್ತದೆಂಬ ಬೇಸರವಿದ್ದರೆ, ಗೊಂಬೆ ಆಡಿಸುವ ಬಗೆಯನ್ನು ವಿವರಿಸುವ ಚಿಕ್ಕ ವಿಡಿಯೋಗಳನ್ನು ಸದ್ಯಕ್ಕೆ ತೋರಿಸಿ, ನಾಟಕವನ್ನು ಎರಡು ವರ್ಷ ಮುಂದಕ್ಕೆ ಹಾಕಬಹುದು.