ಸೈಕಲ್ ಕ್ಯಾರಿಯರ್ ಮೇಲೆ 130 ಮಿ.ಮೀ. ಟೆಲಿಸ್ಕೋಪ್: ದೀರ್ಘ ಬಳಕೆಯ ವಿಮರ್ಶೆ

ಮೇಜಿನ ಮೇಲಿಡುವ ಈ ಡಾಬ್ಸೋನಿಯನ್ (ಕೈಯಿಂದ ತಿರುಗಿಸುವ ಸರಳ ಸ್ಟ್ಯಾಂಡಿನ ಕನ್ನಡಿ ಟೆಲಿಸ್ಕೋಪ್) ಎರಡು ಮೂರು ಹೆಸರಿನಲ್ಲಿ ಮಾರಾಟವಾಗುತ್ತದೆ, ಒಳಗಿನ ಸಾಮಾನು ಒಂದೇ. 130 ಮಿ.ಮೀ. ಕನ್ನಡಿ, 650 ಮಿ.ಮೀ. ಸಂಗಮದೂರ (ಫೋಕಲ್ ಲೆಂತ್), ಒಂದೇ ತೋಳಿನ ಸ್ಟ್ಯಾಂಡ್, ಜೊತೆಗೆ ಕಣ್ಣಿಟ್ಟು ನೋಡುವ 25 ಮತ್ತು 10 ಮಿ.ಮೀ. ಐಪೀಸ್. ಒಟ್ಟು ತೂಕ ಆರು ಕಿಲೋ ಚಿಲ್ಲರೆ. ಕೊಳವೆಯ ಮೇಲ್ಭಾಗ ಎರಡು ಕಂಬಿಗಳ ಮೇಲೆ ಜಾರಿ ಒಳಗೆ ಸೇರುವುದರಿಂದ ಉದ್ದ ಒಂದೂಕಾಲು ಅಡಿಗೆ ಇಳಿಯುತ್ತದೆ. ಬೆಲೆಗೆ ಹೋಲಿಸಿದರೆ ನೋಟದ ಬಗ್ಗೆ ತಕರಾರಿಲ್ಲ. ಊರಿಂದೂರಿಗೆ ಸೈಕಲ್ ತುಳಿದು ಗುರುತಿಲ್ಲದ ಜನಕ್ಕೆ ಆಕಾಶ ತೋರಿಸುವವರು ಕೇಳಬೇಕಾದ್ದು ಬೇರೆ: ಗುಂಡಿ ರಸ್ತೆಯಲ್ಲಿ ದಿನವಿಡೀ ಕುಲುಕಿದ ಮೇಲೆ ಸಂಜೆ ಇದು ಎಷ್ಟು ಬೇಗ ಹದಕ್ಕೆ ಬರುತ್ತದೆ?

ಬರುತ್ತದೆ, ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೇ ಅಲ್ಲ.

ಮೊದಲ ತೊಂದರೆ ಫೋಕಸರ್. ಐಪೀಸನ್ನು ತಿರುಗಿಸಿ ಒಳಗೆ ಹೊರಗೆ ಮಾಡಿ ಚಿತ್ರ ಸ್ಪಷ್ಟಗೊಳಿಸುವ ಪ್ಲಾಸ್ಟಿಕ್ ಮರೆ (ಸ್ಕ್ರೂವಿನಂಥ ಸುರುಳಿ ಗೆರೆ) ಇದು, ಹೊಸದರಲ್ಲೇ ಅಲ್ಲಾಡುತ್ತದೆ. ಜಿಡ್ಡಿಗೆ ರಸ್ತೆಯ ದೂಳು ಅಂಟಿಕೊಂಡರೆ ಕರಕರ ಸದ್ದು ಬೇರೆ. ಪೂರ್ತಿ ಬಿಚ್ಚಿ, ಜಿಡ್ಡನ್ನು ಬಟ್ಟೆಯಿಂದ ಒರೆಸಿ, ನಲ್ಲಿ ಕೆಲಸದವರು ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ಮರೆಯ ಮೇಲೆ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ ಮತ್ತೆ ಕೂರಿಸಿ. ಮರೆ ತಿರುಗುವ ದಿಕ್ಕಿಗೇ ಸುತ್ತಬೇಕು, ಇಲ್ಲದಿದ್ದರೆ ಕೂರಿಸುವಾಗ ಟೇಪ್ ಮುದ್ದೆಯಾಗುತ್ತದೆ. ಟೇಪ್ ಕಂದು ಬಣ್ಣಕ್ಕೆ ತಿರುಗಿದರೆ ಬದಲಿಸುವ ಕಾಲ ಬಂತು ಎಂದರ್ಥ. ಕಂಪನಿಯವರೇ ಮಾಡಿ ಕೊಡಬಹುದಾದ ಕೆಲಸ, ಮಾಡುವುದಿಲ್ಲ.

ಎರಡನೆಯದು ಸ್ಟ್ಯಾಂಡ್. ಅದು ಪಾರ್ಟಿಕಲ್ ಬೋರ್ಡ್, ಮರದ ಪುಡಿ ಒತ್ತಿ ಮಾಡಿದ ಹಲಗೆ. ಕತ್ತರಿಸಿದ ಅಂಚಿಗೆ ತೇವ ತಾಗಿದರೆ ಉಬ್ಬುತ್ತದೆ, ಸ್ಕ್ರೂಗಳನ್ನು ಪದೇ ಪದೇ ಬಿಚ್ಚಿ ಹಾಕಿದರೆ ರಂಧ್ರ ಸವೆದು ಹಿಡಿತ ತಪ್ಪುತ್ತದೆ. ಆದ್ದರಿಂದ ಜಾಗ ಉಳಿಸಲೆಂದು ತೋಳು ಬಿಚ್ಚಬೇಡಿ, ಇಡಿಯಾಗಿಯೇ ಕ್ಯಾರಿಯರ್ ಮೇಲೆ ಕಟ್ಟಿ. ಅಂಚುಗಳಿಗೆ ಎರಡು ಕೋಟ್ ವಾರ್ನಿಷ್ ಹೊಡೆದಿಟ್ಟರೆ ಎಷ್ಟೋ ಪಾಲು ಬಾಳಿಕೆ ಬರುತ್ತದೆ. ನಡುವಿನ ಬೋಲ್ಟ್ ಕುಲುಕಾಟಕ್ಕೆ ಸಡಿಲವಾಗುತ್ತದೆ, ಅದರ ಅಳತೆಯ ಸ್ಪ್ಯಾನರ್ ಮರೆಯಬೇಡಿ.

ಕೊಳವೆಯನ್ನು ಯೋಗ ಮ್ಯಾಟಿನ ತುಂಡಿನಲ್ಲಿ ಎರಡು ಸುತ್ತು ಸುತ್ತಿ ಪಕ್ಕದ ಚೀಲಕ್ಕೆ ಇಳಿಸಬೇಕು. ಇನ್ನೊಂದು ಪಕ್ಕಕ್ಕೆ ನೀರು, ಟೂಲ್ಸ್, ಟ್ಯೂಬು ಹಾಕಿ ತೂಕ ಸರಿದೂಗಿಸಿ. ಕ್ಯಾರಿಯರ್ 25 ಕಿಲೋ ತಡೆಯುವಂಥದ್ದಿರಲಿ, ಸೀಟ್ ಕಂಬಕ್ಕೆ ಮಾತ್ರ ಕಚ್ಚಿಸುವಂಥದ್ದು ಬೇಡವೇ ಬೇಡ. 35 ಮಿ.ಮೀ. ಟಯರ್‌ಗೆ 55ರಿಂದ 60 ಪಿಎಸ್‌ಐ ಗಾಳಿ ಸಾಕು. 80ಕ್ಕೆ ಏರಿಸಿದರೆ ಪ್ರತಿ ಗುಂಡಿಯ ಪೆಟ್ಟೂ ಕನ್ನಡಿಗೇ. ಗುರಿ ಹಿಡಿಯುವ ಕೆಂಪು ಚುಕ್ಕೆಯ ಫೈಂಡರನ್ನು ಕಳಚಿ ಬೇರೆ ಇಡಿ, ಅದರ ಪ್ಲಾಸ್ಟಿಕ್ ಕಾಲು ಮೊದಲ ಸಲ ಬಿದ್ದಾಗಲೇ ಮುರಿಯುತ್ತದೆ. ಸ್ವಿಚ್ ಆರಿಸಿದ್ದೀರಾ ನೋಡಿಕೊಳ್ಳಿ, ಅದಕ್ಕೆ ಬೇಕಾದ ಸಿಆರ್2032 ಸೆಲ್ ಹಳ್ಳಿಯ ಅಂಗಡಿಯಲ್ಲಿ ಸಿಗುವುದು ಅಪರೂಪ.

ತಳದ ದೊಡ್ಡ ಕನ್ನಡಿ, ಮೇಲಿನ ಚಿಕ್ಕ ಕನ್ನಡಿ, ಇವೆರಡರ ಜೋಡಣೆ ದಿನವೂ ಅಷ್ಟಿಷ್ಟು ತಪ್ಪುತ್ತದೆ. ಧ್ರುವ ನಕ್ಷತ್ರವನ್ನು ನೋಡಿ ಸರಿಮಾಡಿ ಎಂದು ಹೊರದೇಶದ ಕೈಪಿಡಿಗಳು ಹೇಳುತ್ತವೆ. ಕರ್ನಾಟಕದಲ್ಲಿ ಅದು ದಿಗಂತದಿಂದ ಬರೀ 12ರಿಂದ 18 ಡಿಗ್ರಿ ಮೇಲಿರುತ್ತದೆ, ಆ ಎತ್ತರದಲ್ಲಿ ಗಾಳಿಯ ಕದಡು ಜಾಸ್ತಿ. ಬೆಳಕಿರುವಾಗಲೇ, ನಡುವೆ ತೂತು ಕೊರೆದ ಮುಚ್ಚಳವನ್ನು ಫೋಕಸರ್‌ಗೆ ಹಾಕಿ ನೋಡಿ ಸರಿಮಾಡುವುದು ಲೇಸು. ಅದಕ್ಕೂ ಮೊದಲು ಎರಡೂ ಕಂಬಿಗಳನ್ನು ಕೊನೆಯವರೆಗೆ ಎಳೆದು ಬಿಗಿಮಾಡಿ. ಒಂದು ಕಂಬಿ ಚೂರು ಒಳಗುಳಿದರೂ ಜೋಡಣೆ ಓರೆಯಾಗಿ ಕಾಣುತ್ತದೆ, ಸುಮ್ಮನೆ ಕನ್ನಡಿಯ ತಿರುಪುಗಳ ಮೇಲೆ ಸಿಟ್ಟು ತೀರಿಸುತ್ತೀರಿ. ಕೊಳವೆಯನ್ನು ಸೂರ್ಯನತ್ತ ಮಾತ್ರ ಹೊರಳಿಸಬೇಡಿ. ಆಮೇಲೆ ಅರ್ಧ ಗಂಟೆ ನೆರಳಿನಲ್ಲಿ ತೆರೆದಿಟ್ಟರೆ ಬಿಸಿಲಿಗೆ ಕಾದ ಕನ್ನಡಿ ತಣಿಯುತ್ತದೆ.

ಜನ ಸೇರಿದ ಮೇಲಿನ ಲೆಕ್ಕ ಇನ್ನೊಂದು. 10 ಮಿ.ಮೀ. ಐಪೀಸಿನಲ್ಲಿ 65 ಪಟ್ಟು ವರ್ಧನೆ. ಸ್ಟ್ಯಾಂಡಿಗೆ ಮೋಟಾರಿಲ್ಲ, ಹಾಗಾಗಿ ಭೂಮಿಯ ತಿರುಗುವಿಕೆಗೆ ಗ್ರಹ ಸುಮಾರು ಮೂರು ನಿಮಿಷದಲ್ಲಿ ನೋಟದ ಒಂದು ಅಂಚಿನಿಂದ ಇನ್ನೊಂದಕ್ಕೆ ಜಾರುತ್ತದೆ. ಗ್ರಹವನ್ನು ನಡುವೆ ಇಟ್ಟರೆ ಸಿಗುವುದು ಅದರ ಅರ್ಧ. ಅದು ಸರಿದು ಬರುವ ಕಡೆಗೆ, ನಡುವಿಗೂ ಅಂಚಿಗೂ ಮಧ್ಯೆ ಇಟ್ಟರೆ ನಾಲ್ಕು ಜನ ನೋಡಿ ಮುಗಿಸುತ್ತಾರೆ. ತೀರ ಅಂಚಿಗಿಟ್ಟರೆ ಚಿತ್ರ ಬಾಲ ಬಿಡುತ್ತದೆ. ಚಂದ್ರನಿಗೆ 25 ಮಿ.ಮೀ. ಸಾಕು. ಶುಕ್ಲ ಸಪ್ತಮಿ, ಅಷ್ಟಮಿ ಒಳ್ಳೆಯ ದಿನಗಳು, ಬೆಳಕು ನೆರಳಿನ ಗಡಿಯಲ್ಲಿ ಕುಳಿಗಳು ಎದ್ದು ಕಾಣುತ್ತವೆ. ಹುಣ್ಣಿಮೆಯ ಚಂದ್ರ ಸಪ್ಪೆ. 2025ರ ಮಾರ್ಚ್‌ನಲ್ಲಿ ಶನಿಯ ಬಳೆಗಳು ನಮಗೆ ತೆಳು ಅಂಚನ್ನಷ್ಟೇ ತೋರಿದ್ದವು, ಈಗ ವರ್ಷದಿಂದ ವರ್ಷಕ್ಕೆ ತೆರೆಯುತ್ತಿವೆ. ಶನಿ ಎಂದೊಡನೆ ಹಿಂದೆ ಸರಿಯುವ ಹಿರಿಯರಿಗೆ ಮೊದಲು ಗುರುವಿನ ನಾಲ್ಕು ಚಂದ್ರರನ್ನು ತೋರಿಸಿ, ಆಮೇಲೆ ಅವರೇ ಕೇಳುತ್ತಾರೆ.

ಕನ್ನಡಕದವರು ಅದನ್ನು ತೆಗೆದು ಫೋಕಸ್ ಮಾಡಿಕೊಳ್ಳಬಹುದು, ಸಿಲಿಂಡರ್ ನಂಬರ್ (ಅಸ್ಟಿಗ್ಮ್ಯಾಟಿಸಂಗೆ ಕೊಡುವ ಪವರ್) ಜಾಸ್ತಿ ಇದ್ದವರು ಮಾತ್ರ ಹಾಕಿಕೊಂಡೇ ನೋಡಲಿ. ಸ್ಟ್ಯಾಂಡ್ ಇಡಲು ಶಾಲೆಯ ಬೆಂಚು ಅಲ್ಲಾಡುತ್ತದೆ, ಬೋರಲು ಹಾಕಿದ ನೀರಿನ ಡ್ರಮ್ಮು ಗಟ್ಟಿ. ಅರಳಿಕಟ್ಟೆ ಬಲು ಗಟ್ಟಿ, ಆದರೆ ಮರವೇ ಆಕಾಶ ಮುಚ್ಚುತ್ತದೆ. ಈ ಬಗೆಯ ಸ್ಟ್ಯಾಂಡಿಗೆ ಹೆಸರು ಕೊಟ್ಟ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಆಶ್ರಮದಲ್ಲಿ ಸನ್ಯಾಸಿಯಾಗಿದ್ದವರು, ಫುಟ್‌ಪಾತಿನಲ್ಲಿ ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಿದ್ದರು. ಇದೂ ಅದೇ ಕೆಲಸದ ಯಂತ್ರ.

ಕೊಳವೆಯ ಮೇಲ್ಭಾಗ ಬಯಲಾಗಿರುವುದರಿಂದ ಬೀದಿದೀಪದ ಬೆಳಕು ಒಳನುಗ್ಗುತ್ತದೆ, ಇಬ್ಬನಿ ಚಿಕ್ಕ ಕನ್ನಡಿಯ ಮೇಲೆ ಬೇಗ ಕೂರುತ್ತದೆ. ಕಪ್ಪು ಫೋಮ್ ಶೀಟನ್ನು ಸುರುಳಿ ಮಾಡಿ ಸುತ್ತಿದರೆ ಎರಡಕ್ಕೂ ಮದ್ದು. ಚಿತ್ರದುರ್ಗ, ಚಳ್ಳಕೆರೆಯ ಬಯಲಿನಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಇಷ್ಟು ಸಾಕು. ಮಲೆನಾಡಿನ ಚಳಿಗಾಲದಲ್ಲಿ ಸಾಲದು, ಒಂಬತ್ತರ ಹೊತ್ತಿಗೆ ನೋಟ ಮಂಜಾಗುತ್ತದೆ. ದೂಳು ಕೂತ ಕನ್ನಡಿಯನ್ನು ಬಟ್ಟೆಯಿಂದ ಒರೆಸಿದರೆ ಅಲ್ಯೂಮಿನಿಯಂ ಲೇಪ ಗೀಚಿಹೋಗುತ್ತದೆ. ತೆಳುವಾಗಿ ಕೂತಿದ್ದರೆ ಬಿಟ್ಟುಬಿಡಿ. ದಪ್ಪವಾದರೆ ಡಿಸ್ಟಿಲ್ಡ್ ವಾಟರ್‌ಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆದು, ಓರೆಯಾಗಿ ನಿಲ್ಲಿಸಿ ಒಣಗಿಸಿ.

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಸ್ಟಾರ್ ಪೂರ್ತಿ ಆ ಫೋಕಸರ್‌ನದು. ಕರಾವಳಿ, ಮಲೆನಾಡಿನಲ್ಲೇ ಹೆಚ್ಚು ತಿರುಗುವವರು ಕೊಳ್ಳುವ ಮುಂಚೆ ಸ್ಟ್ಯಾಂಡನ್ನು ಮೆರೈನ್ ಪ್ಲೈವುಡ್‌ನಲ್ಲಿ ಮಾಡಿಕೊಡುವ ಬಡಗಿಯನ್ನು ವಿಚಾರಿಸಿಟ್ಟುಕೊಳ್ಳಿ.