ಈರುಳ್ಳಿ ಪೊರೆಯಲ್ಲಿ ಕಂಡ ಅಭಿಸರಣೆ: ಫೋಲ್ಡ್‌ಸ್ಕೋಪ್ ಬಳಸಿದ ಅನುಭವ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ರೂಪಿಸಿ, 2014ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ನಾನು ತರಿಸಿದ್ದು ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳಿಗಾಗಿ. ಜೀವಕೋಶದ ಭಾಗಗಳ ಹೆಸರುಗಳನ್ನು ಅವಳು ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ಆದರೆ ತಾನು ದಿನವೂ ತಿನ್ನುವ ತರಕಾರಿಯಲ್ಲಿ ಅವು ನಿಜವಾಗಿ ಇವೆ ಎಂಬುದು ಅವಳ ಮನಸ್ಸಿಗೆ ಇಳಿದಿರಲಿಲ್ಲ. ಆ ಕೊರತೆಯನ್ನು ಎಷ್ಟರಮಟ್ಟಿಗೆ ತುಂಬಿತು ಎಂಬುದರ ಮೇಲೆಯೇ ಈ ಉಪಕರಣವನ್ನು ನಾನು ಅಳೆದಿದ್ದೇನೆ.

ಗುರುತು ಹಾಕಿರುವ ಗಟ್ಟಿ ಕಾಗದದ ಭಾಗಗಳನ್ನು ಬಿಡಿಸಿ, ಮಡಿಸಿ, ಒಂದರೊಳಗೊಂದು ತೂರಿಸಿದರೆ ಸೂಕ್ಷ್ಮದರ್ಶಕ ಸಿದ್ಧವಾಗುತ್ತದೆ. ಸಾಸಿವೆ ಕಾಳನ್ನು ನೆನಪಿಸುವ ಪುಟ್ಟ ಗಾಜಿನ ಗುಂಡೇ ಅದರ ಮಸೂರ. ಅದು ವಸ್ತುವನ್ನು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. 17ನೆಯ ಶತಮಾನದಲ್ಲಿ ಡಚ್ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಕೆರೆಯ ನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ಕಂಡದ್ದೂ ಇಂಥದೇ ಒಂಟಿ ಮಸೂರದಿಂದ.

ಮೊದಲು ಕೆಂಪು ಈರುಳ್ಳಿಯನ್ನು ತೆಗೆದುಕೊಂಡೆವು. ಅದರ ಎಸಳಿನ ಹೊರಮೈಯಿಂದ ನೇರಳೆ ಬಣ್ಣದ ತೆಳುಪೊರೆಯನ್ನು ಸುಲಿದು, ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ, ಕಿಟಕಿಯ ಬೆಳಕಿಗೆ ಹಿಡಿದಾಗ, ಇಟ್ಟಿಗೆ ಜೋಡಿಸಿದಂತೆ ಸಾಲಾಗಿ ನಿಂತ ಕೋಶಗಳು ಅಂಚಿನಿಂದ ಅಂಚಿಗೆ ಬಣ್ಣ ತುಂಬಿಕೊಂಡು ಕಂಡವು. ಆಮೇಲೆ ಸ್ಲೈಡನ್ನು ಹೊರತೆಗೆದು, ನೀರನ್ನು ಒತ್ತಿ ತೆಗೆದು ಗಟ್ಟಿ ಉಪ್ಪುನೀರು ಹಾಕಿದೆವು. ಕೆಲವೇ ನಿಮಿಷಗಳಲ್ಲಿ ಕೋಶಭಿತ್ತಿಯ ಚೌಕಟ್ಟು ಇದ್ದ ಹಾಗೆಯೇ ಉಳಿದು, ಒಳಗಿನ ನೇರಳೆ ಭಾಗ ಮಾತ್ರ ಗೋಡೆಯಿಂದ ಬಿಡಿಸಿಕೊಂಡು, ಮುದುಡಿ, ಮೊದಲಿಗಿಂತ ಗಾಢವಾಯಿತು. ಉಪ್ಪಿನ ಸಾಂದ್ರತೆ ಹೆಚ್ಚಿರುವ ಕಡೆಗೆ ನೀರು ಕೋಶದ ಪೊರೆಯನ್ನು ದಾಟಿ ಹೊರಟುಹೋಗುವ ಈ ಕ್ರಿಯೆಯೇ ಅಭಿಸರಣೆ. ಅಜ್ಜಿ ಮಾವಿನ ಮಿಡಿಗೆ ಉಪ್ಪು ಬೆರೆಸಿಟ್ಟಾಗ ಭರಣಿಯಲ್ಲಿ ನೀರು ಒಡೆಯುವುದೂ, ಅಷ್ಟು ಉಪ್ಪಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರದಿರುವುದೂ ಇದರಿಂದಲೇ ಎಂದು ಮಗಳಿಗೆ ವಿವರಿಸಲು ನನಗೆ ಹೆಚ್ಚು ಮಾತು ಬೇಕಾಗಲಿಲ್ಲ.

ಎರಡನೆಯ ಸಲ ದಾಸವಾಳದ ಎಲೆಯ ಕೆಳಮೈಗೆ ಬಣ್ಣವಿಲ್ಲದ ಉಗುರುಬಣ್ಣ ಬಳಿದು, ಒಣಗಿದ ಮೇಲೆ ಅದರ ಅಚ್ಚನ್ನು ಅಂಟುಪಟ್ಟಿಯಿಂದ ಎತ್ತಿ ನೋಡಿದೆವು. ಎರಡು ಕಾವಲು ಕೋಶಗಳ ನಡುವೆ ತುಟಿ ಬಿಚ್ಚಿದಂತಿರುವ ಪತ್ರರಂಧ್ರಗಳು ಸ್ಪಷ್ಟವಾಗಿದ್ದವು. ಇಂಗಾಲದ ಡೈಆಕ್ಸೈಡ್ ಒಳಬರುವುದೂ ನೀರಾವಿ ಹೊರಹೋಗುವುದೂ ಇದೇ ಬಾಗಿಲಿನಿಂದ. ಆದ್ದರಿಂದ ನೆಲದ ತೇವ ಆರಿದಾಗ ಅದನ್ನು ಮುಚ್ಚಿಕೊಂಡು ನೀರು ಉಳಿಸುವ ಗಿಡ, ತನ್ನ ಆಹಾರ ತಯಾರಿಕೆಯನ್ನೂ ತಗ್ಗಿಸಿಕೊಳ್ಳಬೇಕಾಗುತ್ತದೆ. ಬಿಸಿಲು ಏರಿ ಮಳೆ ತಪ್ಪಿದ ವರ್ಷದಲ್ಲಿ ಫಸಲು ಏಕೆ ಸೊರಗುತ್ತದೆ ಎಂಬ ಚರ್ಚೆಯನ್ನು ಇಲ್ಲಿಂದ ಆರಂಭಿಸುವುದು ಎಷ್ಟು ಸುಲಭವೆಂಬುದು ನನಗೂ ಹೊಸದಾಗಿ ಹೊಳೆಯಿತು.

ಮಿತಿಗಳನ್ನು ತಿಳಿದೇ ಇದನ್ನು ಕೊಳ್ಳಬೇಕು. ಸುಮಾರು 2 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಸಣ್ಣ ವಿವರಗಳನ್ನು ಇದು ಬಿಡಿಸಿ ತೋರಿಸಲಾರದು. ಹೀಗಾಗಿ ಮೊಸರಿನ ಬ್ಯಾಕ್ಟೀರಿಯಾಗಳನ್ನು ನೋಡುವ ಆಸೆಯಿಂದ ತರಿಸಿಕೊಂಡರೆ ನಿರಾಸೆ ಖಚಿತ. ಎರಡೂ ಹೆಬ್ಬೆರಳುಗಳಿಂದ ಕಾಗದವನ್ನು ಮೆಲ್ಲಗೆ ಸರಿಸಿ ಫೋಕಸ್ ಮಾಡುವ ಹದ ಕೈಗೆ ಹತ್ತಲು ನನಗೆ ಒಂದು ಸಂಜೆಯೇ ಹಿಡಿಯಿತು. ಮಗಳಿಗೆ ಹತ್ತು ನಿಮಿಷ ಸಾಕಾಯಿತು. ಸೂರ್ಯನತ್ತ ಹಿಡಿದು ನೋಡದಂತೆ ಮಕ್ಕಳಿಗೆ ಮೊದಲೇ ಎಚ್ಚರಿಸುವುದು ಅತ್ಯಗತ್ಯ.

ಪ್ರಯೋಗಾಲಯವಿದ್ದೂ ಸೂಕ್ಷ್ಮದರ್ಶಕ ಬೀರುವಿನಿಂದ ಹೊರಬಾರದ ಶಾಲೆಗಳಲ್ಲಿ, ಮಗುವಿನ ಕೈಗೇ ಕೊಡಬಹುದಾದ ಇಂಥದೊಂದು ಸಾಧನ ಇರಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕೊಳ್ಳುವವರು ಜೊತೆಗೆ ಒಂದಷ್ಟು ಗಾಜಿನ ಸ್ಲೈಡುಗಳನ್ನೂ ಅವುಗಳ ಮೇಲೆ ಮುಚ್ಚುವ ತೆಳು ಕವರ್‌ಸ್ಲಿಪ್‌ಗಳನ್ನೂ ತಂದಿಟ್ಟುಕೊಳ್ಳಲಿ. ಈರುಳ್ಳಿ ಪೊರೆ ಮಡಚಿಕೊಳ್ಳದೆ ನೀರಿನಲ್ಲಿ ಸಮನಾಗಿ ಕೂರಲು ಅವು ಬೇಕೇ ಬೇಕು.