ನುಣುಪು ಹರಳುಗಳ ಪೊಟ್ಟಣ: ಕಲ್ಲು ಚೆನ್ನ, ಚೀಟಿ ಸಾಲದು

ಸಂಗ್ರಹಕಾರರಿಗೆಂದು ಮಾರುವ, ಉರುಳಿಸಿ ನಯಗೊಳಿಸಿದ 12 ಕಲ್ಲುಗಳ ಪೊಟ್ಟಣವೊಂದನ್ನು ತರಿಸಿಕೊಂಡು, ಭೂತಗನ್ನಡಿ ಹಿಡಿದು ಒಂದೊಂದನ್ನೂ ಪರೀಕ್ಷಿಸಿದೆ. ತಿರುಗುವ ಪೀಪಾಯಿಯಲ್ಲಿ ಸಿಲಿಕಾನ್ ಕಾರ್ಬೈಡ್ ಎಂಬ ಗಡಸು ಉಜ್ಜುಪುಡಿ ಮತ್ತು ನೀರಿನೊಂದಿಗೆ ವಾರಗಟ್ಟಲೆ ಉರುಳಿಸಿ, ಹಂತಹಂತವಾಗಿ ಇನ್ನಷ್ಟು ನುಣ್ಣನೆಯ ಪುಡಿಗೆ ಬದಲಾಯಿಸುತ್ತ ಹೋದಾಗ ಬರುವ ಆಳವಾದ ಹೊಳಪು ಇಲ್ಲಿನ ಅಗೇಟ್ ಮತ್ತು ಜಾಸ್ಪರ್‌ಗಳಲ್ಲಿ ನಿಜಕ್ಕೂ ಇದೆ. ಅದು ಎಣ್ಣೆ ಸವರಿದ ಹುಸಿ ಮಿನುಗಲ್ಲ ಎಂಬುದು ಸೋಪಿನ ನೀರಿನಲ್ಲಿ ತೊಳೆದು ಒರೆಸಿದ ಮೇಲೂ ಮಾಸದಿದ್ದುದರಿಂದ ಖಚಿತವಾಯಿತು.

ಫ್ಲೋರೈಟ್ ಮಾತ್ರ ನಿರಾಸೆ ತಂದಿತು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಗುರುತಿಸುವ ಮೋಸ್ (Mohs) ಮಾಪಕದಲ್ಲಿ ಅದರ ಗಡಸುತನ 4, ಅಗೇಟ್, ಜಾಸ್ಪರ್‌ನಂತಹ ಸ್ಫಟಿಕ ವರ್ಗದ ಕಲ್ಲುಗಳದು ಸುಮಾರು 7; ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕಳುಹಿಸಿದರೆ ಮೆತ್ತನೆಯದರ ಮೈಮೇಲೆ ಗೀರು ಬೀಳದೆ ಇನ್ನೇನಾದೀತು?

ಇದಕ್ಕಿಂತ ದೊಡ್ಡ ಆಕ್ಷೇಪವಿರುವುದು ಹೆಸರಿನ ಚೀಟಿಯ ಬಗ್ಗೆ. ‘ಟರ್ಕಾಯ್ಸ್’ ಎಂದು ಬರೆದಿದ್ದ ನೀಲಿ ಕಲ್ಲನ್ನು ಬಣ್ಣ ಕರಗಿಸುವ ದ್ರಾವಕವಾದ ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದಾಗ ಹತ್ತಿಯೇ ನೀಲಿಯಾಯಿತು. ಬಹುಶಃ ಅದು ಬಣ್ಣ ಕುಡಿಸಿದ ಹೌಲೈಟ್ ಎಂಬ ಬಿಳಿ ಖನಿಜ. ಕಡು ಕಿತ್ತಳೆ ಬಣ್ಣದ ಸಿಟ್ರಿನ್ ಕೂಡ ನೇರಳೆ ಸ್ಫಟಿಕವಾದ ಅಮೆಥಿಸ್ಟನ್ನು ಕಾಯಿಸಿ ಪಡೆದದ್ದೆಂದು ನನ್ನ ಅನುಮಾನ. ಈ ವ್ಯಾಪಾರದಲ್ಲಿ ಅದು ಸಾಮಾನ್ಯ ಸಂಗತಿಯೇ ಆದರೂ, ಸಂಗ್ರಹಕಾರರಿಗೆ ಮಾರುವವರು ಅದನ್ನು ಚೀಟಿಯಲ್ಲಿ ಹೇಳಿಯೇ ಮಾರಬೇಕಿತ್ತು.